ತೊಡೆ ಉದ್ದ, ಭುಜ ಕಿರಿದು: ಜಿಮ್‌ನಲ್ಲಿ ಏನು ಮಾಡಲಿ?

ಪ್ರಶ್ನೆ: ನನಗೆ 27 ವರ್ಷ. ಊರು ಕುಂದಾಪುರ, ಈಗ ಡೊಂಬಿವಲಿಯಲ್ಲಿದ್ದೇನೆ. ಹೋಟೆಲ್ ಕೌಂಟರ್ ಕೆಲಸ. ಎರಡು ವರ್ಷ ಜಿಮ್ ಮಾಡಿದರೂ ಭುಜ ಅಗಲ ಆಗಿಲ್ಲ, ಮಣಿಕಟ್ಟು ಕಡ್ಡಿ ಥರ ಇದೆ. ತೂಕದ ಕಬ್ಬಿಣದ ಬಾರ್ ಹೆಗಲ ಮೇಲಿಟ್ಟು ಕೂತು ಏಳುವ ಸ್ಕ್ವಾಟ್ ಮಾಡುವಾಗ ಮೈ ಮುಂದಕ್ಕೆ ಬಾಗುತ್ತದೆ ಅಂತ ಟ್ರೇನರ್ ದಿನಾ ಬೈಯುತ್ತಾರೆ. ನನ್ನ ನಂತರ ಸೇರಿದ ಗೆಳೆಯ ನೆಟ್ಟಗೆ ಕೂತು ಏಳುತ್ತಾನೆ. ನನ್ನಲ್ಲೇ ಏನಾದರೂ ಕೊರತೆ ಇದೆಯಾ ಸರ್?

ಉತ್ತರ: ಕೊರತೆ ಏನೂ ಇಲ್ಲ. ನಿಮ್ಮ ತೊಡೆ ಮೂಳೆ ಉದ್ದ ಇರಬೇಕು, ಅಷ್ಟೇ. ಸ್ಕ್ವಾಟ್‌ನಲ್ಲಿ ಬಾರ್ ಪಾದದ ನಡುಭಾಗದ ನೇರಕ್ಕೇ ಇರಬೇಕು, ಇಲ್ಲದಿದ್ದರೆ ಸಮತೋಲ ತಪ್ಪುತ್ತದೆ. ತೊಡೆ ಉದ್ದವಿದ್ದವರು ಕೂರುವಾಗ ಸೊಂಟ ಜಾಸ್ತಿ ಹಿಂದೆ ಹೋಗುತ್ತದೆ. ಅದನ್ನು ಸರಿತೂಗಿಸಲು ಎದೆ ಮುಂದೆ ಬರಲೇಬೇಕು. ಬೆನ್ನು ಗೂನಾಗದೆ ಇದ್ದರೆ ಆ ಬಾಗು ತಪ್ಪಲ್ಲ. ಅದಕ್ಕೆ ಸುಮ್ನೆ ಬೈಸಿಕೊಳ್ಳುವ ಹುಡುಗರನ್ನು ಕಂಡರೆ ನನಗೆ ಬೇಜಾರಾಗುತ್ತದೆ.

ಮೊದಲು ಕಣಕಾಲು ನೋಡಿಕೊಳ್ಳಿ. ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿ ಕಾಲಿನ ಹೆಬ್ಬೆರಳಿಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಿ. ತಾಗದಿದ್ದರೆ ಕಣಕಾಲು ಬಿಗಿ, ಅದನ್ನು ದಿನಾ ಸಡಿಲಿಸಬೇಕು. ತಾಗಿದರೆ ಹಿಮ್ಮಡಿ ಕೆಳಗೆ ಎರಡೂವರೆ ಕಿಲೋದ ಪ್ಲೇಟ್ ಇಡಿ, ಕಾಲು ಸ್ವಲ್ಪ ಅಗಲಿಸಿ, ಡಂಬೆಲ್ ಎದೆಗೆ ಹಿಡಿದು ಕೂರಿ. ಆಗ ಮೈ ಎಷ್ಟೋ ನೆಟ್ಟಗಾಗುತ್ತದೆ.

ಈಗ ಭುಜ. ಗಂಟಲ ಕುಳಿಯಿಂದ ಭುಜದ ತುದಿವರೆಗೆ ಬೆರಳಾಡಿಸಿ, ಕೈಗೆ ಸಿಗುವುದೇ ಕೊರಳೆಲುಬು. ಭುಜದ ಅಗಲ ಬಹುಮಟ್ಟಿಗೆ ಅದರ ಉದ್ದದ ಮೇಲೆ ನಿಂತಿದೆ. ಅದರ ಒಳತುದಿಯ ಬೆಳೆಯುವ ಭಾಗ ಮೂಳೆಗೆ ಪೂರ್ತಿ ಕೂಡಿಕೊಳ್ಳುವುದು ಸುಮಾರು 25 ವರ್ಷದ ಆಸುಪಾಸಿನಲ್ಲಿ. ಹಾಗಾಗಿ ಮೂಳೆ ಇನ್ನು ಬೆಳೆಯುವುದಿಲ್ಲ, ಆದರೆ ಮೇಲಿನ ಮಾಂಸಖಂಡ ಬೆಳೆಯುತ್ತದೆ. ವಾರಕ್ಕೆ ಎರಡು ದಿನ ಹಗುರ ಡಂಬೆಲ್‌ನಲ್ಲಿ ಲ್ಯಾಟರಲ್ ರೈಸ್ (ಕೈಗಳನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತುವುದು), ಜೊತೆಗೆ ಪುಲ್‌ಅಪ್ ಮಾಡಿ. ಭುಜದ ಪಕ್ಕ, ಬೆನ್ನಿನ ಮೇಲ್ಭಾಗ ತುಂಬಿದರೆ ಸೊಂಟ ತಾನಾಗಿ ಸಣ್ಣ ಕಾಣುತ್ತದೆ.

ಮಣಿಕಟ್ಟಿನ ಚಿಂತೆ ಬಿಡಿ. ಅಲ್ಲಿರುವುದು ಹೆಚ್ಚಾಗಿ ಮೂಳೆ, ಸ್ನಾಯುರಜ್ಜು, ಚರ್ಮ. ಮಾಂಸಖಂಡ ಇರುವುದು ಮೊಣಕೈ ಹತ್ತಿರ.

ನಿಮ್ಮ ಕೈಯೂ ಉದ್ದವಿದ್ದರೆ ಡೆಡ್‌ಲಿಫ್ಟ್ (ನೆಲದ ಮೇಲಿನ ಬಾರನ್ನು ಎತ್ತಿ ನೆಟ್ಟಗೆ ನಿಲ್ಲುವುದು) ನಿಮಗೆ ಒಲಿಯುತ್ತದೆ, ಯಾಕಂದ್ರೆ ಬಾರ್ ಏರುವ ದೂರ ಕಡಿಮೆ. ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್‌ನಲ್ಲಿ ಅದೇ ಕೈಯಿಂದ ದೂರ ಜಾಸ್ತಿ. ಗೆಳೆಯ ಎತ್ತುವ ತೂಕದ ಲೆಕ್ಕ ನಿಮಗೆ ಬೇಡ. ದಿನವಿಡೀ ನಿಂತು ಕೆಲಸ ಮಾಡುತ್ತೀರಿ, ಅಲ್ವಾ? ಕಾಲಿನ ಭಾರಿ ವ್ಯಾಯಾಮ ರಜೆಯ ದಿನಕ್ಕಿಡಿ. ಅವತ್ತು ಪಕ್ಕದಿಂದ ವಿಡಿಯೋ ತೆಗೆಸಿ. ಬಾರ್ ಪಾದದ ನಡುವಿನ ನೇರಕ್ಕಿದ್ದರೆ ಟ್ರೇನರ್‌ಗೂ ತೋರಿಸಿ.