ತಮ್ಮ ತಡಿ ಅಂತಾನೆ, ಮನೆಯವರಿಗೆ ಗೊತ್ತೇ ಇಲ್ಲ

ಪ್ರಶ್ನೆ: ಅಕ್ಕಾರೇ, ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವಳು, ಪ್ರಾಥಮಿಕ ಶಾಲೆ ಶಿಕ್ಷಕಿ. 2024ರ ಸೆಪ್ಟೆಂಬರ್‌ನಲ್ಲಿ ಒಣದ್ರಾಕ್ಷಿ ಮಾರಿ ಬಂದ 5 ಲಕ್ಷವನ್ನು ಮನೆಯವರು ನನ್ನ ಕೈಗೆ ಕೊಟ್ಟು, ಮಗಳ ಓದಿಗೆ ಬ್ಯಾಂಕಿನಲ್ಲಿ ಠೇವಣಿ ಇಡು ಎಂದಿದ್ದರು. ನಾನು ತಮ್ಮನ ಮಾತು ಕೇಳಿ ಸಣ್ಣ ಕಂಪನಿಗಳ ಷೇರಿನಲ್ಲಿ ಹಣ ತೊಡಗಿಸುವ ಸ್ಮಾಲ್ ಕ್ಯಾಪ್ ಮ್ಯೂಚುವಲ್ ಫಂಡಿಗೆ ಹಾಕಿದೆ. ಅವನೇ ಏಜೆಂಟ್. ಈಗ 4 ಲಕ್ಷ 10 ಸಾವಿರಕ್ಕೆ ಇಳಿದಿದೆ. ಇನ್ನೆರಡು ತಿಂಗಳಿಗೆ ಮಗಳ ಎಂಜಿನಿಯರಿಂಗ್ ಮೊದಲ ವರ್ಷದ ಫೀ 1 ಲಕ್ಷ 80 ಸಾವಿರ ಕಟ್ಟಬೇಕು. ‘ತಡಿ ಅಕ್ಕಾ, ಈಗ ತೆಗೆದ್ರ ಲುಕ್ಸಾನ ಖರೇ ಆಗ್ತೈತಿ’ ಅಂತಾನೆ ತಮ್ಮ. ಬಂಗಾರ ಅಡ ಇಟ್ಟು ಫೀ ಕಟ್ಟಿಬಿಡಲೇ? ರಾತ್ರಿ ಎರಡಕ್ಕೆ ಎದ್ದು ಬಚ್ಚಲಮನೆಯಲ್ಲಿ ನಿಂತು ಫೋನ್ ನೋಡುತ್ತೇನೆ.

ಉತ್ತರ: ತಂಗೀ, ತೆಗೆದುಬಿಡು. ಅರ್ಧವಲ್ಲ, ಪೂರ್ತಿ.

ತೆಗೆದರೆ ಲುಕ್ಸಾನು ಖರೇ ಆಗುತ್ತದೆ ಎನ್ನುವ ಮಾತು ಕೇಳಲು ಚೆಂದ. ಅದು ಆಗಲೇ ಖರೇ ಆಗಿದೆ. ನಿಮ್ಮ ಮನೆಯವರನ್ನೇ ನೋಡು. ಕೋಲ್ಡ್ ಸ್ಟೋರೇಜಿನಲ್ಲಿ ಒಣದ್ರಾಕ್ಷಿ ಇಟ್ಟು ರೇಟು ಏರಲಿ ಅಂತ ಕಾಯುವುದು ಅವರಿಗೂ ಗೊತ್ತು. ಆದರೆ ಗೊಬ್ಬರದಂಗಡಿಯ ಬಾಕಿ ಕಟ್ಟುವ ದಿನ ಬಂದರೆ ಸಿಕ್ಕ ರೇಟಿಗೆ ಕೊಟ್ಟು ಬರುತ್ತಾರೆ. ತೋಟಕ್ಕೆ ಎಷ್ಟು ಖರ್ಚಾಗಿತ್ತು ಅಂತ ಹರಾಜಿನಲ್ಲಿ ಕೂಗುವವನು ಕೇಳುವುದಿಲ್ಲ.

ಮಾರುಕಟ್ಟೆ ಮತ್ತೆ ಏರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 2020ರ ಮಾರ್ಚ್ 23ರಂದು ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಒಂದೇ ದಿನ 3,934 ಅಂಕ ಬಿದ್ದಿತ್ತು, ಅದೇ ವರ್ಷದ ಕೊನೆಗೆ 47 ಸಾವಿರ ದಾಟಿತು. ಆದರೆ 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿ ಕುಸಿದದ್ದು ಮತ್ತೆ ಆ ಎತ್ತರಕ್ಕೆ ಬರಲು ಹೆಚ್ಚುಕಡಿಮೆ ಮೂರು ವರ್ಷ ಹಿಡಿಯಿತು. ಸಣ್ಣ ಕಂಪನಿಗಳ ಫಂಡು ಇದಕ್ಕಿಂತ ಜೋರಾಗಿ ಜೋಲಿ ಹೊಡೆಯುತ್ತದೆ. ಹತ್ತು ವರ್ಷ ಮುಟ್ಟದ ಹಣವಾಗಿದ್ದರೆ ಇರಲಿ ಬಿಡು ಎನ್ನುತ್ತಿದ್ದೆ. ನಿನ್ನದು ಈ ವರ್ಷದ ಫೀ, ಉಳಿದದ್ದು ಬರುವ ವರ್ಷದ ಫೀ. ಕಾಲೇಜಿನವರು ಸೆನ್ಸೆಕ್ಸ್ ನೋಡಿಕೊಂಡು ತಾರೀಕು ಹಾಕುವುದಿಲ್ಲ.

ಬಂಗಾರ ಅಡ ಇಡುವ ಮಾತು ಬೇಡ. ಬಿದ್ದ ಫಂಡನ್ನು ಕಾಪಾಡಲು ಬಡ್ಡಿ ಕಟ್ಟುವುದೇ?

ತಮ್ಮ ಮೋಸಗಾರ ಎನ್ನುತ್ತಿಲ್ಲ. ಆದರೂ ಒಂದು ತಿಳಿದಿರಲಿ: ಏಜೆಂಟರ ಮೂಲಕ ಕೊಂಡ ಫಂಡಿನಲ್ಲಿ ನಿನ್ನ ಹಣ ಇರುವಷ್ಟು ದಿನ ಅವನಿಗೆ ಕಮಿಷನ್ ಹೋಗುತ್ತಿರುತ್ತದೆ. ಅವನ ‘ತಡಿ’ಯಲ್ಲಿ ಅದೂ ಒಂದು ಪಾಲಿರಬಹುದು, ಅವನಿಗೇ ಅರಿವಿಲ್ಲದೆ. ಹಣ ತೆಗೆಯಲು ಅವನ ಸಹಿ ಬೇಕಿಲ್ಲ. ಫಂಡ್ ಕಂಪನಿಯ ವೆಬ್‌ಸೈಟಿನಲ್ಲಿ ಹಣ ವಾಪಸ್ ಬೇಕೆಂದು ನೀನೇ ಅರ್ಜಿ ಕೊಟ್ಟರೆ ಎರಡು ಮೂರು ಕೆಲಸದ ದಿನದಲ್ಲಿ ನಿನ್ನ ಖಾತೆಗೇ ಬರುತ್ತದೆ. ವರ್ಷ ದಾಟಿರುವುದರಿಂದ ಎಕ್ಸಿಟ್ ಲೋಡ್, ಅಂದರೆ ಬೇಗ ತೆಗೆದರೆ ಕಂಪನಿ ಹಿಡಿದುಕೊಳ್ಳುವ ಶುಲ್ಕ, ಸಾಮಾನ್ಯವಾಗಿ ಇರುವುದಿಲ್ಲ, ಒಮ್ಮೆ ನೋಡಿಕೋ. ಆದಾಯ ತೆರಿಗೆ ರಿಟರ್ನ್‌ನಲ್ಲಿ ಈ 90 ಸಾವಿರದ ನಷ್ಟವನ್ನು ಗಡುವಿನೊಳಗೆ ತೋರಿಸು. ಮುಂದಿನ 8 ವರ್ಷದಲ್ಲಿ ಇಂಥದ್ದೇ ದೀರ್ಘಾವಧಿ ಲಾಭ ಬಂದರೆ ಅದರಲ್ಲಿ ಕಳೆಯಬಹುದು.

ಫೀ ಕಟ್ಟಿ ಉಳಿದದ್ದನ್ನು ಬ್ಯಾಂಕಿನಲ್ಲಿಡು. ನಮ್ಮ ಕಡೆ ಓಣಿಗೊಂದು ಪತ್ತಿನ ಸೊಸೈಟಿ, ಒಂದೂವರೆ ಎರಡು ಪರ್ಸೆಂಟ್ ಹೆಚ್ಚು ಬಡ್ಡಿಯ ಬೋರ್ಡು. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ವಿಮೆ ಇದೆ, ಸೊಸೈಟಿಯದಕ್ಕೆ ಅದಿಲ್ಲ.

ನಿನ್ನ ನಿದ್ದೆ ಕೆಡಿಸಿದ್ದು ಬರೀ ಆ 90 ಸಾವಿರ ಅಂತ ನನಗನ್ನಿಸುವುದಿಲ್ಲ. ಮನೆಯವರಿಗೆ ಹೇಳದೆ ಉಳಿದ ಮಾತೂ ಅದರಲ್ಲಿದೆ. ಫಂಡಿನ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸು. ಭಾನುವಾರ ಅವರು ತೋಟದಿಂದ ಬಂದು ಊಟ ಮಾಡಿದ ಮೇಲೆ ಎದುರಿಗಿಟ್ಟು, ‘ನೀವು ಬ್ಯಾಂಕ್ ಅಂದ್ರಿ, ನಾ ಇಲ್ಲಿ ಹಾಕೀನಿ, ಇಷ್ಟು ಹೋಗೇತಿ’ ಅಂತ ನೇರ ಹೇಳು. ಬೈಯಬಹುದು, ಎರಡು ದಿನ ಮಾತು ಬಿಡಬಹುದು. ತಮ್ಮನ ಹೆಸರು ಮುಂದೆ ಮಾಡಬೇಡ, ಹಾಕಿದವಳು ನೀನು. ಸೋಮವಾರ ಹಣ ತೆಗೆ. ತಮ್ಮನಿಗೆ ಫೋನ್ ಮಾಡುವುದು ಅದಾದ ಮೇಲೆ.