ಪಿಸಿಆರ್ ನೆಗೆಟಿವ್ ಬಂದ ಮೇಲೂ ಔಷಧ ಯಾಕೆ?

ಓದುಗರ ಪತ್ರ: ನನಗೆ ಎಚ್‌ಐವಿ ಇದೆ. ಗರ್ಭಿಣಿಯಾಗುವ ಮೊದಲಿನಿಂದಲೂ ಎಆರ್‌ಟಿ (ಎಚ್‌ಐವಿಯನ್ನು ಹತ್ತಿಕ್ಕುವ) ಮಾತ್ರೆ ತಪ್ಪಿಸಿಲ್ಲ. ಮಗುವಿಗೆ ಈಗ ಐದು ತಿಂಗಳು, ನನ್ನ ಹಾಲನ್ನೇ ಕುಡಿಯುತ್ತಿದೆ. ಆರನೇ ವಾರದ ಪಿಸಿಆರ್ (ವೈರಸ್ಸನ್ನೇ ಹುಡುಕುವ ರಕ್ತಪರೀಕ್ಷೆ) ನೆಗೆಟಿವ್. ಆದರೂ ಒಮ್ಮೆ ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಸೋಂಕು ಒಳಗೆ ಅಡಗಿದೆಯೇ? ಮಗುವಿಗೆ ಸೋಂಕು ತಡೆಯಲೆಂದು ಕೋಟ್ರೈಮಾಕ್ಸಜೋಲ್ ಎಂಬ ಔಷಧ ಕೊಡುತ್ತಿದ್ದೇನೆ. ‘ವರದಿ ಚೆನ್ನಾಗಿದೆಯಲ್ಲ, ಅದನ್ನು ಬಿಡು’ ಎನ್ನುತ್ತಾರೆ ಮನೆಯವರು.

ಸಂಪಾದಕರ ಉತ್ತರ: ಸೋದರಿ, ದಯವಿಟ್ಟು ಬಿಡಬೇಡಿ. ಆರನೇ ವಾರದ ವರದಿ ಗರ್ಭದಲ್ಲೋ ಹೆರಿಗೆಯಲ್ಲೋ ಸೋಂಕು ತಗುಲಿತೇ ಎಂಬುದನ್ನಷ್ಟೇ ಹೇಳುತ್ತದೆ. ನಿಮ್ಮ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ಹತೋಟಿಯಲ್ಲಿದ್ದರೆ ಎದೆಹಾಲಿನಿಂದ ಅಪಾಯ ತೀರಾ ಕಡಿಮೆ, ಆದರೆ ಸೊನ್ನೆಯಲ್ಲ. ಆದ್ದರಿಂದ 9 ತಿಂಗಳಿಗೆ ಮತ್ತೆ ಪರೀಕ್ಷೆ ಆಗಬೇಕು. ಕೊನೆಯದು 18 ತಿಂಗಳಿಗೆ, ಇಲ್ಲವೇ ಎದೆಹಾಲು ಬಿಡಿಸಿ ಮೂರು ತಿಂಗಳಾದ ಮೇಲೆ, ಯಾವುದು ತಡವೋ ಆಗ. ನ್ಯುಮೋನಿಯಾ ಆದಾಗ ಪಿಸಿಆರ್ ಮಾಡಿಸಿರದಿದ್ದರೆ ಈಗಲೇ ಕೇಳಿ ಮಾಡಿಸಿ. ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನು) ನೋಡುವ ಸಾಮಾನ್ಯ ರಕ್ತಪರೀಕ್ಷೆ ಈ ವಯಸ್ಸಿಗೆ ಬೇಡ. ಅದರಲ್ಲಿ ಕಾಣುವುದು ನಿಮ್ಮಿಂದ ಬಂದ ಪ್ರತಿಕಾಯಗಳೇ ಇರಬಹುದು, ಸುಮ್ಮನೆ ಗಾಬರಿ.

ಎಚ್‌ಐವಿ ಇರುವ ತಾಯಂದಿರ ಮಕ್ಕಳು, ತಮಗೆ ಸೋಂಕಿಲ್ಲದೆಯೂ, ಮುಖ್ಯವಾಗಿ ಮೊದಲ ಆರು ತಿಂಗಳಲ್ಲಿ, ಉಳಿದ ಮಕ್ಕಳಿಗಿಂತ ಹೆಚ್ಚು ಕಾಯಿಲೆ ಬೀಳುತ್ತಾರೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯ ಪ್ರತಿಕಾಯಗಳು ಮಾಸುವಿನ ಮೂಲಕ ಮಗುವಿಗೆ ದಾಟುತ್ತವೆ. ಎಚ್‌ಐವಿ ಇರುವ ತಾಯಿಯಿಂದ ಅವು ದಾಟುವುದು ಕಡಿಮೆ. ದಡಾರ, ಧನುರ್ವಾಯು, ನ್ಯುಮೊಕಾಕಸ್ (ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾ) ವಿರುದ್ಧ ಮಗು ಕಡಿಮೆ ಪ್ರತಿಕಾಯಗಳೊಂದಿಗೇ ಹುಟ್ಟುತ್ತದೆ. ಆದರೆ ಲಸಿಕೆ ಕೊಟ್ಟರೆ ಅದರ ದೇಹ ಚೆನ್ನಾಗಿಯೇ ಸ್ಪಂದಿಸುತ್ತದೆ. ನೀವು ಗರ್ಭಕ್ಕೆ ಮೊದಲೇ ಎಆರ್‌ಟಿ ಶುರು ಮಾಡಿದ್ದು ಈ ಕೊರತೆಯನ್ನು ಕಡಿಮೆ ಮಾಡುತ್ತದೆ. ನೀವು ಮಗುವಿಗೆ ಮಾಡಿದ ದೊಡ್ಡ ಉಪಕಾರ ಅದು.

ಹಾಗಾಗಿ ಲಸಿಕೆ ಒಂದು ವಾರವೂ ತಡವಾಗದಿರಲಿ. ದಡಾರಕ್ಕೆ ಇಂಥ ಮಕ್ಕಳಿಗೆ 6ನೇ ತಿಂಗಳಲ್ಲಿ ಒಂದು ಹೆಚ್ಚುವರಿ ಡೋಸ್ ಕೊಡಲು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ವೈದ್ಯರನ್ನು ಕೇಳಿ. ಮುಂದಿನ ಡೋಸ್‌ಗಳು ಅದರಿಂದ ತಪ್ಪುವುದಿಲ್ಲ. ಆರು ತಿಂಗಳು ತುಂಬುವವರೆಗೆ ಬರೀ ಎದೆಹಾಲು, ನೀರೂ ಬೇಡ.

ಕೋಟ್ರೈಮಾಕ್ಸಜೋಲ್ ತಡೆಯುವುದು ನ್ಯುಮೋಸಿಸ್ಟಿಸ್ ಎಂಬ ಮಾರಕ ನ್ಯುಮೋನಿಯಾವನ್ನು. ಸೋಂಕು ತಗುಲಿದ ಶಿಶುಗಳಲ್ಲಿ ಅದರ ಕಾಟ ಹೆಚ್ಚು 3ರಿಂದ 6 ತಿಂಗಳೊಳಗೆ, ಅಂದರೆ ನಿಮ್ಮ ಮಗುವಿನ ವಯಸ್ಸಿನಲ್ಲೇ. ಕೊನೆಯ ಪರೀಕ್ಷೆ ಆಗುವವರೆಗೆ ಸೋಂಕಿಲ್ಲವೆಂದು ಖಚಿತವಿಲ್ಲ, ಅದಕ್ಕೇ ಬಿಡಬೇಡಿ ಎಂದದ್ದು. ಸೀಸೆಯ ಮೇಲೆ 5 ಮಿ.ಲೀ.ಗೆ 200 ಮತ್ತು 40 ಮಿ.ಗ್ರಾಂ ಎಂದಿದ್ದರೆ ಆರು ತಿಂಗಳೊಳಗೆ ದಿನಕ್ಕೊಮ್ಮೆ 2.5 ಮಿ.ಲೀ., ಆಮೇಲೆ 5 ಮಿ.ಲೀ. ಎಡವುವುದು ಇಲ್ಲೇ: ಔಷಧ ತಳಕ್ಕೆ ಇಳಿದಿರುತ್ತದೆ, ಅಲ್ಲಾಡಿಸದೆ ಬಗ್ಗಿಸಿದರೆ ಮೊದಲ ದಿನಗಳಲ್ಲಿ ತೆಳು, ಕೊನೆಗೆ ಗಟ್ಟಿ. ಚೆನ್ನಾಗಿ ಕುಲುಕಿ, ಸೂಜಿಯಿಲ್ಲದ ಸಿರಿಂಜ್‌ನಲ್ಲಿ ಅಳೆದು, ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ. ಅಡುಗೆಮನೆಯ ಚಮಚ ನಂಬಬೇಡಿ. ಮೈಮೇಲೆ ದದ್ದು ಎದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಕೆಮ್ಮು ಬಂದಾಗ ಮಗು ಶಾಂತವಾಗಿರುವ ಹೊತ್ತು ನೋಡಿ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 50 ಅಥವಾ ಹೆಚ್ಚಿದ್ದರೆ, ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಬಿಟ್ಟರೆ, ರಾತ್ರಿಯಾದರೂ ಸರಿ, ಬೆಳಗಾಗಲೆಂದು ಕಾಯದೆ ಹೊರಡಿ.