ಪ್ರತಿಕ್ರಿಯೆ: ಅಮೆರಿಕದ ನರ್ಸ್‌ಗಳ ರಾಷ್ಟ್ರೀಯ ಸಂಘ ಬೆಳೆದ ಬಗೆ

ಅಮೆರಿಕದ ನರ್ಸ್‌ಗಳ ಕಾರ್ಮಿಕ ಸಂಘವಾದ ನ್ಯಾಷನಲ್ ನರ್ಸಸ್ ಯುನೈಟೆಡ್ 2009ರಲ್ಲಿ ಹುಟ್ಟುತ್ತಲೇ ಸುಮಾರು 1,50,000 ಸದಸ್ಯರನ್ನು ಹೊಂದಿದ್ದು ಹೇಗೆ ಎಂದು ತಾವು ಕೇಳಿದ್ದೀರಿ. ಕ್ಯಾಲಿಫೋರ್ನಿಯಾ ಮತ್ತು ಮ್ಯಾಸಚೂಸೆಟ್ಸ್‌ನ ನರ್ಸ್ ಸಂಘಗಳೂ ಯುನೈಟೆಡ್ ಅಮೆರಿಕನ್ ನರ್ಸಸ್ ಒಕ್ಕೂಟವೂ ಆ ಡಿಸೆಂಬರ್‌ನಲ್ಲಿ ಒಂದಾದದ್ದೇ ಅದಕ್ಕೆ ಕಾರಣ.

ಆದರೆ ಬೇರು ಇರುವುದು ಕ್ಯಾಲಿಫೋರ್ನಿಯಾದಲ್ಲಿ. ವಾರ್ಡುಗಳಲ್ಲಿ ದುಡಿಯುವ ನರ್ಸ್‌ಗಳೇ 1993ರಲ್ಲಿ ಅಲ್ಲಿನ ಸಂಘದ ಆಡಳಿತವನ್ನು ಕೈಗೆ ತೆಗೆದುಕೊಂಡು, 1995ರಲ್ಲಿ ದೇಶದ ನರ್ಸ್‌ಗಳ ವೃತ್ತಿ ಸಂಘಟನೆಯಾದ ಅಮೆರಿಕನ್ ನರ್ಸಸ್ ಅಸೋಸಿಯೇಷನ್‌ನಿಂದ ಹೊರಬಂದು, ಒಬ್ಬ ನರ್ಸ್ ಎಷ್ಟು ರೋಗಿಗಳನ್ನು ನೋಡಿಕೊಳ್ಳಬಹುದೆಂಬ ಮಿತಿಗೆ 1999ರಲ್ಲಿ ಕಾನೂನಿನ ಬಲ ತಂದುಕೊಟ್ಟರು. 2004ರಲ್ಲಿ ಜಾರಿಯಾದ ಆ ನಿಯಮದಂತೆ ತೀವ್ರ ನಿಗಾ ಘಟಕದಲ್ಲಿ ಇಬ್ಬರು ರೋಗಿಗಳಿಗೆ ಒಬ್ಬ ನರ್ಸ್ ಇರಲೇಬೇಕು. ಸಾಮಾನ್ಯ ವಾರ್ಡಿನ ಮಿತಿಯನ್ನು ಆರು ರೋಗಿಗಳಿಂದ ಐದಕ್ಕೆ ಇಳಿಸುವುದನ್ನು ಗವರ್ನರ್ ಅರ್ನಾಲ್ಡ್ ಶ್ವಾರ್ಜ್‌ನೆಗರ್ (ಹೌದು, ಆ ಸಿನಿಮಾ ನಟರೇ) ಮುಂದೂಡಲು ಹೊರಟಾಗ ನರ್ಸ್‌ಗಳು ಬೀದಿಯಲ್ಲೂ ನ್ಯಾಯಾಲಯದಲ್ಲೂ ಎದುರಿಸಿ 2005ರಲ್ಲಿ ಗೆದ್ದರು. ಸಂಬಳದ ಮಾತಿಗಿಂತ ಈ ಗೆಲುವೇ ಬೇರೆ ರಾಜ್ಯದವರನ್ನು ಸೆಳೆಯಿತೆಂಬುದು ನನ್ನ ಅಭಿಪ್ರಾಯ. ಹಾಗೆಂದು ಎಲ್ಲೆಡೆಯೂ ಗೆದ್ದರೆಂದಲ್ಲ. 2018ರಲ್ಲಿ ಮ್ಯಾಸಚೂಸೆಟ್ಸ್‌ನ ಮತದಾರರು ಇಂಥದ್ದೇ ಪ್ರಸ್ತಾವವನ್ನು ತಿರಸ್ಕರಿಸಿದರು.